ಅಪ್ಪ ಹೇಳುತ್ತಿದ್ದ ಕಾರಣಗಳು

ನನ್ನ ತಮ್ಮ ಗುಂಡಪ್ಪನನ್ನು ಸಾಲೆಗೆ ಯಾಕೆ ಕಳಿಸುತ್ತಿಲ್ಲ ಎಂದು ಕೇಳಿದವರಿಗೆ ಅಪ್ಪ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳುತ್ತಿದ್ದ. ಬ್ರಹ್ಮಪುರದ ನಮ್ಮ ಓಣಿಯವರಿಗೆ, ಮದರಸಾ ಎಂದು ಕರೆಯುವ ಸರ್ಕಾರಿ ಸಾಲೆಯಲ್ಲಿ ಎಲ್ಲವೂ ಉರ್ದುವಿನಲ್ಲೇ ನಡೆಯುತ್ತದೆ, ಅಲ್ಲಿ ಕಲಿತ ಹುಡುಗ ತಾನು ಕಲಿತದ್ದನ್ನು ಅವ್ವನಿಗೆ ಓದಿ ಹೇಳಲಾರ ಎನ್ನುತ್ತಿದ್ದ. ಕಮಲಾಪುರದ ನೆಂಟರು ಬಂದರೆ, ಪ್ಲೇಗಿನ ಭಯ ಇನ್ನೂ ಹೋಗಿಲ್ಲ, ಹತ್ತಾರು ಮನೆಯ ಮಕ್ಕಳು ಒತ್ತಿ ಕೂಡುವ ಜಾಗ ಬೇಡ ಎನ್ನುತ್ತಿದ್ದ. ತನ್ನ ಅಡತಿ ಅಂಗಡಿಗೆ ತೊಗರಿ ತರುವ ರೈತರಿಗೆ, ಹುಡುಗನ ಕಣ್ಣು ಸೂಕ್ಷ್ಮ ಎಂದುಬಿಡುತ್ತಿದ್ದ. ಗುಂಡಪ್ಪನ ಕಣ್ಣಿಗೆ ಏನೂ ಆಗಿರಲಿಲ್ಲ. ಮಾಳಿಗೆಯ ಮೇಲೆ ನಿಂತು ದೂರದ ಕೋಟೆ ಗೋಡೆಯ ಮೇಲೆ ಕೂತ ಹದ್ದನ್ನು ಗುರುತಿಸುತ್ತಿದ್ದ. ಕಣ್ಣಿನ ಮಾತೊಂದನ್ನು ಬಿಟ್ಟರೆ ಅಪ್ಪನ ಕಾರಣಗಳು ಸುಳ್ಳಾಗಿರಲಿಲ್ಲ. ಅದಕ್ಕೇ ಅವು ಅಷ್ಟು ದಿನ ನಡೆದವು. ಆದರೆ ನಮ್ಮ ಮನೆಯೊಳಗೆ ಸಾಲೆ ಶುರುವಾದದ್ದಕ್ಕೆ ಅವು ಕಾರಣವಲ್ಲ. ನಿಜವಾದ ಕಾರಣ ಹುಟ್ಟಿದ ಹೊತ್ತಿನಲ್ಲಿ ನಾನು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದೆ. ಕಂಡದ್ದನ್ನೂ ಕೇಳಿದ್ದನ್ನೂ ಇಲ್ಲಿ ಹೇಳುತ್ತೇನೆ. ಊಹಿಸಿದ್ದನ್ನು ಊಹೆಯೆಂದೇ ಹೇಳುತ್ತೇನೆ.

ಪಾಠ ನಡೆಯುತ್ತಿದ್ದುದು ಬೆಳಿಗ್ಗೆ, ಸ್ನಾನ ಪೂಜೆ ಮುಗಿದ ಮೇಲೆ, ಅಪ್ಪ ಅಂಗಡಿಗೆ ಹೊರಡುವ ಮುಂಚೆ. ಗುಂಡಪ್ಪನ ಕೈಯಲ್ಲಿ ಒಂದು ಪಾಟಿ, ನನ್ನ ಕೈಯಲ್ಲಿ ಮೂಲೆ ಒಡೆದ ಇನ್ನೊಂದು. ಕನ್ನಡ ಅಕ್ಷರ, ಕಾಗುಣಿತ, ಮಗ್ಗಿ, ಕಾಲು ಅರೆ ಮುಕ್ಕಾಲಿನ ಲೆಕ್ಕ. ಅಪ್ಪ ಒಳ್ಳೆಯ ಮಾಸ್ತರನಲ್ಲ. ಒಂದು ಸಲ ಹೇಳಿದ್ದು ನಮಗೆ ಬಂದುಬಿಡಬೇಕೆಂದು ತಿಳಿದಿದ್ದ. ಬಾರದಿದ್ದರೆ ಸಿಟ್ಟಾಗುತ್ತಿರಲಿಲ್ಲ, ಗೋಡೆಯ ಕಡೆ ನೋಡುತ್ತ ಸುಮ್ಮನೆ ಕೂತುಬಿಡುತ್ತಿದ್ದ. ಆ ಮೌನಕ್ಕಿಂತ ಛಡಿಯೇಟು ವಾಸಿ ಅನ್ನಿಸುತ್ತಿತ್ತು. ಅವನು ಸಣ್ಣವನಿದ್ದಾಗ ಉರ್ದುವಿನಲ್ಲೇ ಕಲಿತವನು, ಇಷ್ಟಪಟ್ಟು ಕಲಿತವನು. ತೊಗರಿ ಚೀಲ ಎಣಿಸುವಾಗಲೂ ನಮ್ಮ ಲೆಕ್ಕ ಒರೆ ಹಚ್ಚುವಾಗಲೂ ಅವನ ತುಟಿಯ ಮೇಲೆ ಗ್ಯಾರಾ, ಬಾರಾ, ತೇರಾ ಎಂದೇ ಬರುತ್ತಿತ್ತು. ಒಮ್ಮೆ ಗುಂಡಪ್ಪ ಅದನ್ನು ಹಿಡಿದ.

“ಅಪ್ಪಾ, ಉರ್ದು ಬ್ಯಾಡ ಅಂತ ಓಣಿಗೆಲ್ಲ ಹೇಳ್ತಿ. ನೀನೇ ಎಣಸ್ಲಾಕತ್ತೀದಿ.”

“ನಾ ಕೆಟ್ಟೀನಿ. ನೀ ಕೆಡಬ್ಯಾಡ. ಮುಂದಿಂದು ಹೇಳು.”

ಹೊರಗಿನ ಕಟ್ಟೆಯ ಮೇಲೆ ಕೂತ ಎದುರು ಮನೆಯವರು ನಮ್ಮ ಮಗ್ಗಿಯ ಗದ್ದಲ ಕೇಳಿ ಅಪ್ಪನನ್ನು ಕೆಣಕುತ್ತಿದ್ದರು.

“ಏನ್ರಿ ಶರಣಪ್ಪಾ, ಮನ್ಯಾಗ ಮದರಸಾ ತೆಗದೀರಂತ? ಘಂಟಿ ಯಾರು ಬಾರಸ್ತಾರ?”

“ನಮ್ಮವ್ವ ಬಾರಸ್ತಾಳ್ರಿ, ಪೂಜಾ ಮಾಡುವಾಗ” ಎಂದು ಅಪ್ಪ ನಗುತ್ತಿದ್ದ. ನಗು ಬಾಗಿಲು ದಾಟುವ ತನಕ ಮಾತ್ರ ಇರುತ್ತಿತ್ತು.

ಅಪ್ಪನ ಅವ್ವ, ನಮ್ಮ ಆಯಿ, ಕಮಲಾಪುರದ ಬಾಳೆತೋಟದ ಮನೆಯಲ್ಲಿ ಬೆಳೆದವಳು. ಅಲ್ಲಿಂದ ಬರುವ ಕೆಂಪು ಬಾಳೆಗೊನೆಯನ್ನು ಒಳಕೋಣೆಯ ಜಂತಿಗೆ ತೂಗುಹಾಕಿ, ಹಣ್ಣಾದ ಹಾಗೆ ತಾನೇ ಮುರಿದು ಹಂಚುತ್ತಿದ್ದಳು. ಎಲ್ಲಕ್ಕಿಂತ ದಪ್ಪನೆಯದು ನಮ್ಮ ಅಣ್ಣ ಬಸವರಾಜನಿಗೆ. ನಾನು ಮುಖ ಊದಿಸಿಕೊಂಡರೆ, “ನಿನಗ ನಾಳಿಗಿ” ಎನ್ನುತ್ತಿದ್ದಳು. ನಾಳೆಯೂ ದಪ್ಪನೆಯದು ಅಣ್ಣನಿಗೇ. ನಮ್ಮದು ಹಳೆಯ ಕಲ್ಲಿನ ಮನೆ, ಗೋಡೆ ದಪ್ಪ, ಬೇಸಿಗೆಯಲ್ಲೂ ಪಡಸಾಲೆ ತಂಪು. ಪಡಸಾಲೆಯ ಹಿಂದೆ ಅಡುಗೆಮನೆ, ಅದಕ್ಕೆ ಹತ್ತಿ ದೇವರ ಜಗಲಿ, ಜಗಲಿಯ ಮಗ್ಗುಲಿಗೆ ನೀರಿನ ಹರವಿಗಳು. ಊಟವನ್ನು ಬಡಿಸುವವಳು ಅವ್ವ, ಆದರೆ ಬಡಿಸು ಎಂದು ಹೇಳುವವಳು ಆಯಿ. ಎಲ್ಲರೂ ಮಿಂದರೇ, ಎಲ್ಲರ ಕೊರಳಲ್ಲಿ ಲಿಂಗ ಇದೆಯೇ, ಎಲ್ಲರ ಪೂಜೆ ಆಯಿತೇ ಎಂದು ನೋಡಿದ ಮೇಲೆ ಅವಳು ತಲೆ ಆಡಿಸುತ್ತಿದ್ದಳು. ಹುಟ್ಟಿದಾಗ ನಮ್ಮ ಮನೆತನದ ಗುರುಗಳು, ಕಮಲಾಪುರದ ಅಯ್ಯನವರು ಕಟ್ಟಿದ ಲಿಂಗ. ಬೆಳ್ಳಿಯ ಕರಡಿಗೆಯೊಳಗೆ, ಶಿವದಾರದಲ್ಲಿ, ಎದೆಯ ಮೇಲೆ. ಅದು ಮೈಮೇಲೆ ಇಲ್ಲದೆ ಅನ್ನವಿಲ್ಲ, ನೀರಿಲ್ಲ. ನಮ್ಮಂಥ ಮನೆಗಳಲ್ಲಿ ಇದನ್ನು ಯಾರೂ ಕೂತು ಕಲಿಸುವುದಿಲ್ಲ. ಉಸಿರಾಡುವುದನ್ನು ಕಲಿತ ಹಾಗೆ ಮಕ್ಕಳು ಕಲಿತಿರುತ್ತಾರೆ.

ಮನೆಯಲ್ಲಿ ಪಾಠ ಶುರುವಾಗುವ ಮುಂಚಿನ ಮಾತು. ಆಗ ಅಣ್ಣ ಮದರಸಾಕ್ಕೆ ಹೋಗುತ್ತಿದ್ದ. ಗುಂಡಪ್ಪನೂ ಆ ವರ್ಷವೇ ಸೇರಿದ್ದ, ಸಣ್ಣವರ ಸಾಲಿನಲ್ಲಿ. ಕಡು ಬೇಸಿಗೆ. ಬಿಸಿಲಿಗೆ ಹೆದರಿ ಸಾಲೆಯನ್ನು ಬೆಳಿಗ್ಗೆ ಬೇಗ ಹಿಡಿದು ಬೇಗ ಬಿಡುತ್ತಿದ್ದರು. ಒಂದು ಗುರುವಾರ ದೊಡ್ಡ ಹುಡುಗರಿಗೆ ಕವಾಯತು ಇತ್ತು. ಕೊರಳಲ್ಲಿ ಇರುವುದನ್ನೆಲ್ಲ ತೆಗೆದಿಟ್ಟು ಬನ್ನಿ, ಓಡುವಾಗ ಸಿಕ್ಕಿಕೊಂಡರೆ ಕುತ್ತಿಗೆಗೆ ಪೆಟ್ಟಾಗುತ್ತದೆ ಎಂದು ಹೇಳಿದರಂತೆ. ತಾಯಿತ ಕಟ್ಟಿದವರು ತಾಯಿತ ತೆಗೆದರು, ಅಣ್ಣ ಕರಡಿಗೆ ತೆಗೆದು ಕಿಟಕಿಯ ಮಾಡದಲ್ಲಿ ಇಟ್ಟ. ಕವಾಯತು ಮುಗಿದಾಗ ಹುಡುಗರೆಲ್ಲ ಕೂಗುತ್ತ ಮನೆಗೆ ಓಡಿದರು. ಅಣ್ಣನೂ ಓಡಿದ. ಮನೆಗೆ ಬಂದು, ಆಯಿಯ ಕಣ್ಣಿಗೆ ಬೀಳುವ ಮುಂಚೆಯೇ ಅಂಬಲಿ ಕುಡಿದು, ರೊಟ್ಟಿ ತಿಂದು, ಮಲಗಿದ. ಸಂಜೆ ಪೂಜೆಗೆ ಕೂತು ಎದೆಯ ಮೇಲೆ ಕೈ ಇಟ್ಟಾಗಲೇ ಅವನಿಗೆ ಗೊತ್ತಾದದ್ದು. ಅವನ ಮುಖ ನನಗೆ ಈಗಲೂ ಕಾಣುತ್ತದೆ. ಅಳಲಿಲ್ಲ. ಕೈಯನ್ನು ಎದೆಯ ಮೇಲೇ ಇಟ್ಟುಕೊಂಡು ಆಯಿಯ ಕಡೆ ನೋಡಿದ.

ಆಯಿ ಬೈಯಲಿಲ್ಲ. ಅವನನ್ನು ತೊಡೆಯ ಹತ್ತಿರ ಎಳೆದುಕೊಂಡು ಕೇಳಿದಳು.

“ಎಲ್ಲಿಟ್ಟಿದ್ದಿ ನನ್ನಪ್ಪಾ? ನೆಪ್ಪದ ಏನು?”

“ಮಾಡದಾಗ, ಆಯಿ.”

“ಹಂಗಾದ್ರ ಸಿಗ್ತದ. ಸಿಗೂತನಕ ಬಾಯಿಗಿ ಏನೂ ಇಲ್ಲ. ನಿನಗೂ ಇಲ್ಲ, ನನಗೂ ಇಲ್ಲ. ನಿನ ಸಂಗಟ ನಾ ಇರ್ತೀನಿ.”

ಅಪ್ಪ ಆ ಸಂಜೆಯೇ ಗಾಡಿ ಕಟ್ಟಿಸಿ ಆಳನ್ನು ಕಮಲಾಪುರಕ್ಕೆ ಅಟ್ಟಿದ. ಲಿಂಗ ಸಿಕ್ಕರೂ ಅಯ್ಯನವರು ಬಂದು ಕಟ್ಟಬೇಕು, ಸಿಗದಿದ್ದರೆ ಹೊಸದು ಕೊಡಬೇಕು. ಮರುದಿನ ಶುಕ್ರವಾರ, ಸಾಲೆಗೆ ರಜೆ. ಬೆಳಿಗ್ಗೆ ಅಣ್ಣ ಹುಡುಕಲು ಹೊರಟಾಗ ನಾನೂ ಹೋದೆ. ಬಾಗಿಲಿಗೆ ಬೀಗ. ಅವನು ಗೋಡೆಗೆ ಕಾಲು ಕೊಟ್ಟು ಹತ್ತಿ ಕಿಟಕಿಯ ಸರಳಿನಿಂದ ಇಣುಕಿದ. ಮಾಡ ಖಾಲಿ ಇತ್ತು. ಮೈದಾನದಲ್ಲೆಲ್ಲ, ಬೇವಿನ ಬುಡದಲ್ಲೆಲ್ಲ ಬಗ್ಗಿ ಬಗ್ಗಿ ಹುಡುಕಿದ. ಬಿಸಿಲು ನೆತ್ತಿಗೆ ಬಂದಿತ್ತು. ವಾಪಸು ಬರುವಾಗ ಓಣಿಯ ತಿರುವಿನ ಬಾವಿಯಲ್ಲಿ ಹೆಂಗಸರು ನೀರು ಸೇದುತ್ತಿದ್ದರು. ಒಬ್ಬಾಕೆ ಅವನ ಮುಖ ನೋಡಿ ಕರೆದಳು.

“ಯಾರ ಮಗನೋ ನೀ? ಮಾರಿ ಎಷ್ಟ ಕೆಂಪಾಗ್ಯದ! ಬಾ, ನೀರ ಕುಡಿ.”

ಅವನು ಬೊಗಸೆ ಒಡ್ಡಿದ. ನೀರನ್ನು ಮುಖಕ್ಕೆ ಹಾಕಿಕೊಂಡ, ತುಟಿಗಳನ್ನು ಹಲ್ಲಿನಲ್ಲಿ ಒಳಗೆ ಕಚ್ಚಿ ಹಿಡಿದು. ಒಂದು ಹನಿಯೂ ಒಳಗೆ ಹೋಗದ ಹಾಗೆ. ಆಮೇಲೆ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು, “ನಡಿ, ನೀಲಾ” ಎಂದ.

ಸಂಜೆಗೆ ಮೈ ಸುಡತೊಡಗಿತು. ಶನಿವಾರ ಬೆಳಿಗ್ಗೆ ಮದರಸಾದ ಮಾಸ್ತರು ಖಾಸಿಂ ಸಾಬರು ತಾವೇ ನಮ್ಮ ಮನೆಯ ಕಟ್ಟೆಯ ಮುಂದೆ ಬಂದು ನಿಂತರು. ಎರಡೂ ಅಂಗೈಗಳ ಮೇಲೆ ಒಂದು ಹೊಸ ಬಿಳಿ ರುಮಾಲು, ಅದರೊಳಗೆ ಅಣ್ಣನ ಕರಡಿಗೆ. ಗುರುವಾರ ಹುಡುಗರು ಹೋದ ಮೇಲೆ ಅವರ ಕಣ್ಣಿಗೆ ಬಿದ್ದಿತ್ತು. ಕಳುವಾದೀತೆಂದು ಮನೆಗೆ ಒಯ್ದು ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಯಾರದೆಂದು ಗೊತ್ತಾದದ್ದು ಶನಿವಾರ ಹಾಜರಿ ಕರೆದಾಗ, ಬಸವರಾಜ ಬಾರದಿದ್ದಾಗ. ಅಪ್ಪ ಕೈಮುಗಿದು ತೆಗೆದುಕೊಂಡ. ಆದರೆ ಆಯಿ ಅದನ್ನು ಜಗಲಿಯ ಮೇಲೆ ಇರಿಸಿದಳು. ಮೈಯಿಂದ ಬಿಟ್ಟದ್ದು, ಬೇರೆ ಮನೆಯಲ್ಲಿ ರಾತ್ರಿ ಕಳೆದದ್ದು. ಅಯ್ಯನವರ ಕೈ ತಾಗದೆ ಮತ್ತೆ ಕಟ್ಟುವಂತಿಲ್ಲ ಎಂದಳು. ಅಯ್ಯನವರು ಬೇರೆ ಊರಿಗೆ ಹೋಗಿದ್ದಾರೆ, ಆಳು ಅಲ್ಲಿಗೇ ಹೋಗಿದ್ದಾನೆ, ಇನ್ನೇನು ಬಂದರು ಎಂದು ಸುದ್ದಿ ಬಂದಿತ್ತು. ಇನ್ನೇನು ಬಂದರು ಎಂಬ ಆ ಮಾತಿನ ಮೇಲೆ ಇಡೀ ಶನಿವಾರ ಹೋಯಿತು. ಅಣ್ಣನ ತುಟಿ ಸೀಳಿತ್ತು. ಮಧ್ಯಾಹ್ನ ಅವ್ವ ಸೆರಗಿನ ಚುಂಗನ್ನು ಹರವಿಯಲ್ಲಿ ಅದ್ದಿ ತಂದಳು. ಆಯಿ ಅವಳ ಮುಂಗೈ ಹಿಡಿದಳು. ಬಿಗಿಯಾಗಿ ಹಿಡಿಯಲಿಲ್ಲ, ನಾನು ನೋಡುತ್ತಿದ್ದೆ. ಅವ್ವ ಕೊಸರಿಕೊಂಡಿದ್ದರೆ ಹಿಡಿತ ಬಿಡುತ್ತಿತ್ತು.

“ಇಷ್ಟ ತಡದೀವಿ, ಇನ್ನೊಂದೀಟ ತಡಿಯವಾ. ಕೂಸಿನ ವ್ರತ ಕೆಡಸಬ್ಯಾಡ.”

ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನು ರಸ್ತೆಯ ಕಡೆ ನೋಡಿದ.

ದೀಪ ಹಚ್ಚುವ ಹೊತ್ತಿಗೆ ಅಯ್ಯನವರು ಬಂದರು. ಗಾಡಿಯಿಂದ ಇಳಿದು ಒಳಗೆ ಬಂದವರು ಹುಡುಗನನ್ನು ಕಂಡದ್ದೇ, ಅವರ ಬಾಯಿಂದ ಬಂದ ಮೊದಲ ಮಾತು, “ನೀರು ತರ್ರಿ, ಮೊದ್ಲ ನೀರು ತರ್ರಿ.” ಅವ್ವ ತಂದಳು. ನೀರು ಬಾಯಿಗೆ ಹೋಗಿ ಕಟವಾಯಿಯಿಂದ ಹೊರಗೆ ಬಂತು. ಅಯ್ಯನವರು ಲಿಂಗವನ್ನು ಕಟ್ಟಿದರು. ಬೆಳಗಾಗುವ ಮೊದಲು ಅಣ್ಣ ಹೋದ.

ನಾನು ಹೇಳಬೇಕಾದ ಮಾತು ಇದರ ನಂತರದ್ದು. ಹೆಂಗಸರೆಲ್ಲ ಒಳಗೆ ಅಳುತ್ತಿದ್ದರು. ಪಡಸಾಲೆಯಲ್ಲಿ ಅಪ್ಪ, ಅಯ್ಯನವರು, ಕಂಬದ ಹಿಂದೆ ನಾನು. ಅಯ್ಯನವರು ಹೇಳದೆ ಇರಲಾರದವರ ಹಾಗೆ ಹೇಳಿದರು.

“ಶರಣಪ್ಪಾ, ಸಣ್ಣ ಕೂಸಿಗಿ ಇದೆಲ್ಲ ಇಲ್ಲಪ್ಪಾ. ಹಣಿಗಿ ವಿಭೂತಿ ಹಚ್ಚಿ, ಮಂತ್ರ ಅಂದು, ಹಾಲು ಕುಡಸಬೇಕಿತ್ತು. ನಾ ಯಾವಾಗರೆ ಬಂದು ಕಟ್ತಿದ್ದೆ. ನೀರು ಬಿಡಸ್ರಿ ಅಂತ ನಿಮಗ ಯಾರು ಹೇಳಿದ್ರು?”

ಅಪ್ಪ ಅಡುಗೆಮನೆಯ ಬಾಗಿಲ ಕಡೆ ತಿರುಗಿ ನೋಡಿದ. ಮಗ ಸತ್ತು ಒಂದು ತಾಸೂ ಆಗಿರಲಿಲ್ಲ. ಅವನು ಅಂದದ್ದು ಇಷ್ಟು:

“ಸಣ್ಣಗ ಮಾತಾಡ್ರಿ. ನಮ್ಮವ್ವಗ ಕೇಳಸ್ತದ.”

ಮಣ್ಣು ಮಾಡಿ ಬಂದ ಮೇಲೆ ಮಾತಾಡಿಸಲು ಬಂದವರು ಏನಾಯಿತು ಎಂದು ಕೇಳುತ್ತಿದ್ದರು. ಅಪ್ಪ, “ಸಾಲ್ಯಾಗ ಕವಾಯತು ಮಾಡಸ್ಲಾಕ ಲಿಂಗ ತೆಗಸಿದ್ರು” ಎನ್ನುತ್ತಿದ್ದ. ಅಷ್ಟೇ. ಅದರಲ್ಲಿ ಸುಳ್ಳಿಲ್ಲ. ಉಳಿದದ್ದನ್ನು ಕೇಳಿದವರೇ ತುಂಬಿಕೊಂಡರು. ಆಮೇಲೆ ಗುಂಡಪ್ಪನನ್ನು ಅದೇ ಸಾಲೆಗೆ ಕಳಿಸುವುದು ಹೇಗೆ? ಕಳಿಸಿದರೆ ಸಾಲೆಯ ತಪ್ಪಿಲ್ಲ ಎಂದಾಗುತ್ತದೆ. ಸಾಲೆಯ ತಪ್ಪಿಲ್ಲವೆಂದರೆ ತಪ್ಪು ಮನೆಯದಾಗುತ್ತದೆ, ಮನೆಯಲ್ಲಿ ಆಯಿಯದಾಗುತ್ತದೆ. ಆಯಿ ಎದೆಯೊಡೆದು ಸಾಯುತ್ತಾಳೆ ಎಂದು ಅಪ್ಪ ಹೆದರಿದ್ದ. ಇದು ನನ್ನ ಊಹೆ, ಆದರೆ ಆ ಮನೆಯಲ್ಲಿ ಬದುಕಿದವಳ ಊಹೆ. ಹೀಗೆ ನಮ್ಮ ಪಡಸಾಲೆಯಲ್ಲಿ ಪಾಠ ಶುರುವಾಯಿತು. ಒಂದು ಕಾರಣ ಹಳತಾದರೆ ಅಪ್ಪ ಇನ್ನೊಂದನ್ನು ತೆಗೆಯುತ್ತಿದ್ದ. ಹೊತ್ತಾಗಿ ಅಂಗಡಿ ತೆರೆಯುವುದರಿಂದ ವ್ಯಾಪಾರ ಇಳಿಯಿತು, ಕಣ್ಣ ಕೆಳಗೆ ಕಪ್ಪಾಯಿತು. ಹಗಲೆಲ್ಲ ತೊಗರಿಯ ದೂಳು, ಬೆಳಿಗ್ಗೆ ನಮ್ಮ ಕಾಗುಣಿತ, ನಡುವೆ ಬಂದವರಿಗೆಲ್ಲ ಕಾರಣ. ಅವ್ವ ಆಯಿಯೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಉಪ್ಪು, ಹಿಟ್ಟು, ಒಲೆ. ಅಪ್ಪನೊಂದಿಗೆ ಅದೂ ಕಡಿಮೆ. ಆಯಿ ಕೆಂಪು ಬಾಳೆಹಣ್ಣು ತರಿಸುವುದನ್ನು ನಿಲ್ಲಿಸಿದ್ದಳು.

ಗುಂಡಪ್ಪ ಮಾತ್ರ ಬೆಳೆಯುತ್ತಿದ್ದ. ಓರಗೆಯ ಹುಡುಗರು ಬಗಲಲ್ಲಿ ಕಿತಾಬು ಹಿಡಿದು ಮನೆಯ ಮುಂದೆ ಹಾದುಹೋಗುವಾಗ ಕಟ್ಟೆಯ ಮೇಲೆ ನಿಂತು ಅವರನ್ನು ನೋಡುತ್ತಿದ್ದ. ಅವರು ಇವನನ್ನು “ಬುಡ್ಡಿ ಕಾ ಬೇಟಾ” ಎಂದು ರೇಗಿಸುತ್ತಿದ್ದರು, ಆಯಿಯ ಹತ್ತಿರವೇ ಇರುವ ಮುದುಕಿಯ ಮಗನೆಂದು. ಕಚೇರಿಯ ಕೆಲಸಕ್ಕೆ, ಕೋರ್ಟಿನ ಕಾಗದಕ್ಕೆ, ಅಂಗಡಿಯ ಪರವಾನಗಿಗೆ ಕೂಡ ಉರ್ದು ಬೇಕಾದ ಕಾಲ. ಇನ್ನೊಂದು ವರ್ಷ ಹೋದರೆ ಸಣ್ಣವರ ಸಾಲಿನಲ್ಲಿ ಕೂಡುವ ವಯಸ್ಸು ದಾಟುತ್ತದೆ ಎಂಬುದು ಅಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಆ ಹೊತ್ತಿನಲ್ಲಿ ಖಾಸಿಂ ಸಾಬರು ಮತ್ತೊಮ್ಮೆ ಬಂದರು. ಪಾಠ ನಡೆದಿತ್ತು. ಅವರು ಮೆಟ್ಟು ಬಿಟ್ಟು ಪಡಸಾಲೆಯ ಅಂಚಿನಲ್ಲೇ ಕೂತರು. ಗುಂಡಪ್ಪನ ಪಾಟಿಯನ್ನು ಎತ್ತಿ ನೋಡಿ, “ಮಾಶಾ ಅಲ್ಲಾ, ಅಕ್ಷರ ಮುತ್ತಿನಂಗ ಅವ” ಎಂದರು. ಆಮೇಲೆ ಪಾಟಿಯನ್ನು ಕೆಳಗಿಟ್ಟರು. ಅವರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

“ಸಾಹುಕಾರ್ರೇ, ಬಜಾರದಾಗ ಕ್ಯಾ ಬೋಲ್ರೈ, ಗೊತ್ತದ ಏನು ನಿಮಗ? ಮಾಸ್ತರ ಮುಟ್ಟಿದ, ಅದಕ್ಕ ಹುಡುಗ ಸತ್ತ ಅಂತಾರ. ಈ ಓಣ್ಯಾಗ ಇನ್ನಾ ಎರಡು ಮನಿಯವರು ಮಕ್ಕಳನ್ನ ಬಿಡಿಸ್ಯಾರ. ನಾ ಕೈ ತೊಳಕೊಂಡು ತೆಗದೀನಿ, ಕೋರಾ ರುಮಾಲದಾಗ ಕಟ್ಟೀನಿ. ತಪ್ಪಾಗಿದ್ರ ಹೇಳ್ರಿ. ಮಾಫಿ ಕೇಳ್ತೀನಿ. ಆಗಿಲ್ಲಂದ್ರ ಅದನ್ನಾರ ಹೇಳ್ರಿ.”

“ನಾ ಹಂಗ ಎಲ್ಲೂ ಅಂದಿಲ್ರಿ” ಎಂದ ಅಪ್ಪ.

“ನೀವು ಅಂದಿಲ್ಲ. ಅಲ್ಲ ಅಂತನೂ ಅಂದಿಲ್ಲ.”

“ಹುಡುಗನ ಕಣ್ಣು...” ಎಂದು ಅಪ್ಪ ಶುರುಮಾಡಿ ನಿಲ್ಲಿಸಿದ. ಎದುರಿಗೆ ಮಾಸ್ತರರು ಈಗಷ್ಟೇ ಕೆಳಗಿಟ್ಟ ಪಾಟಿ ಇತ್ತು.

ಆಗ ಆಯಿ ಹೊರಗೆ ಬಂದಳು. ಪರ ಗಂಡಸರ ಮುಂದೆ ಅವಳು ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸೆರಗನ್ನು ಹಣೆಯ ತನಕ ಎಳೆದುಕೊಂಡು, ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು.

“ನಿಂದೇನೂ ತಪ್ಪಿಲ್ಲಪ್ಪಾ. ನೀ ಜ್ವಾಕಿ ಮಾಡಿ ತಂದು ಕೊಟ್ಟಿ. ನೀರು ಕೊಡಲಾರದಾಕಿ ನಾ.”

“ಯವ್ವಾ, ಒಳಗ ಹೋಗು” ಎಂದ ಅಪ್ಪ.

“ಹೋಗ್ತೀನಿ. ಇಷ್ಟ ಹೇಳಿ ಹೋಗ್ತೀನಿ. ಅವತ್ತು ಅಯ್ಯನವರು ಅಂದಾಗ ನಾ ಈ ಬಾಗಲಾ ಸಂದ್ಯಾಗೇ ನಿಂತಿದ್ದೆ. ಸಣ್ಣಗ ಮಾತಾಡ್ರಿ ಅಂತ ನೀ ಅಂದಿದ್ದೂ ಕೇಳಸ್ಯದ.”

ಅಪ್ಪ ಅವಳ ಕಡೆ ತಿರುಗಿದ.

“ಮತ್ತ ಯಾಕ ಸುಮ್ಮನಿದ್ದಿ, ಇಷ್ಟು ದಿನಾ?”

“ನೀ ನನ್ನ ಕಾಯ್ಲಾಕತ್ತಿದ್ದಿ. ನಿನಗ ಮಾಡ್ಲಾಕ ಅದೊಂದ ಉಳದಿತ್ತು. ಅದನ್ನ ಹ್ಯಾಂಗ ಕಸಗೋಳ್ಲಿ?”

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನಿಂತದ್ದು ನಮಗೆಲ್ಲ ಕೇಳಿಸಿತು. ಅವಳು ಹೊರಗೆ ಬರಲಿಲ್ಲ. ಆ ಮಾತನ್ನು ಆಮೇಲೆಯೂ ಎತ್ತಲಿಲ್ಲ. ನಿಜ ಹೊರಗೆ ಬಂದರೆ ಮನೆ ಹಗುರಾಗುತ್ತದೆ ಎಂದು ಹೇಳುತ್ತಾರೆ. ಅವ್ವನಿಗೆ ಹಾಗೇನೂ ಆದದ್ದನ್ನು ನಾನು ಕಾಣೆ. ಅವಳಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಅಪ್ಪ ಆ ನಿಂತ ಸಪ್ಪಳದ ಕಡೆ ಕಿವಿ ಕೊಟ್ಟು ಕೂತಿದ್ದ. ಮಾಸ್ತರರ ಕಡೆ ತಿರುಗಿದಾಗ ಅವನ ದನಿ ಅಂಗಡಿಯಲ್ಲಿ ದರ ಹೇಳುವ ದನಿಯ ಹಾಗೆ ಸಪ್ಪಗಿತ್ತು.

“ಆಕಿ ಒಬ್ಬಾಕೀದು ಅಲ್ರಿ ಮಾಸ್ತರ್ರೇ. ನಾನೂ ಮನ್ಯಾಗ ಇದ್ದೆ. ನೀರು ನನ್ನ ಕೈಗಿ ಸಿಗೂವಷ್ಟು ದೂರ ಇತ್ತು. ಗಂಡಸು ನಾ, ಕೊಡು ಅಂತ ಒಂದು ಮಾತು ಅನ್ನಲಿಲ್ಲ. ಉರ್ದು ಅಂದೆ, ಪ್ಲೇಗ್ ಅಂದೆ. ನಿಮ್ಮ ಮ್ಯಾಲ ಬಂದದ್ದನ್ನ ಬರಲಿ ಅಂತ ಬಿಟ್ಟೆ. ಬಜಾರದಾಗ ನಾನೇ ಹೇಳ್ತೀನಿ.”

ಖಾಸಿಂ ಸಾಬರು ತಲೆ ತಗ್ಗಿಸಿದರು. ಅವರು ಬಂದದ್ದು ಈ ಮಾತಿಗೇ ಆಗಿದ್ದರೂ, ಕೇಳಿದ ಮೇಲೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದವರಂತೆ ಕೂತಿದ್ದರು. ಎದ್ದು ಮೆಟ್ಟು ಹಾಕಿಕೊಳ್ಳುವಾಗ, “ಶನಿವಾರ ಹುಡುಗನ್ನ ಕಳಸ್ರಿ. ಏನೂ ತೆಗೀಬೇಕಾಗಿಲ್ಲ. ಕವಾಯತಿನಾಗ ನಾನೇ ಬಾಜೂಕ ನಿಂದರ್ತೀನಿ” ಎಂದರು.

ಶನಿವಾರ ಬೆಳಿಗ್ಗೆ ಅಪ್ಪನೇ ಗುಂಡಪ್ಪನ ಕೈ ಹಿಡಿದು ಹೊರಟ. ಗುಂಡಪ್ಪ ಹೊಸ ಟೊಪ್ಪಿಗೆ ಹಾಕಿಕೊಂಡು, ಓಣಿಯವರೆಲ್ಲ ನೋಡಲಿ ಎಂದು ನಡುದಾರಿಯಲ್ಲೇ ನಡೆದ. ನನ್ನನ್ನು ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ. ಹುಡುಗನನ್ನು ಮನೆಯಲ್ಲಿ ಇರಿಸಿಕೊಂಡದ್ದಕ್ಕೆ ಅಪ್ಪ ಊರಿಗೆಲ್ಲ ಕಾರಣ ಕೊಡಬೇಕಾಯಿತು; ನಾನು ಮನೆಯಲ್ಲಿದ್ದದ್ದಕ್ಕೆ ಇಷ್ಟು ದಿನ ಒಬ್ಬರೂ ಕಾರಣ ಕೇಳಿರಲಿಲ್ಲ. ತಮ್ಮನ ಪಾಠದ ಪಕ್ಕದಲ್ಲಿ ಕೂತು ಕಲಿತವಳು ನಾನು. ತಮ್ಮ ಹೋದ ಮೇಲೆ ಪಾಠ ಯಾರಿಗೆ? ಅಪ್ಪ ತಿರುಗಿ ಬರುವುದರೊಳಗೆ ಪಡಸಾಲೆಯ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿಬಿಡೋಣ, ಅವ್ವನಿಗೆ ಒಲೆಯ ಹತ್ತಿರ ನೆರವಾದೇನು ಎಂದು ಸುತ್ತತೊಡಗಿದ್ದೆ. ಅಪ್ಪ ಒಳಗೆ ಬಂದ. ತಲೆಯ ರುಮಾಲು ತೆಗೆದು ಗೂಟಕ್ಕೆ ಹಾಕಿದ. ಬಹಳ ದೂರ ನಡೆದು ಬಂದವನ ಹಾಗೆ ಗೋಡೆಗೆ ಬೆನ್ನು ಕೊಟ್ಟು ಕೆಳಗೆ ಕೂತ.

“ಚಾಪಿ ಯಾಕ ಸುತ್ಲಾಕತ್ತೀದಿ?”

“ಗುಂಡ್ಯಾ ಹೋದನಲ್ಲಪ್ಪಾ.”

“ನೀ ಇದ್ದೀಯಲ್ಲ. ಹಾಸು.”